ದೋಣಿಗೆ ಬಾಡಿಗೆ ಇದೆ, ಮೀನಿಗೆ ಬೆಲೆ ಇಲ್ಲ

ಭಾನುವಾರದ ಆರಾಧನೆಯ ಸಂದೇಶ
ಓದುವ ಭಾಗ: ಲೂಕ 5:1-11, ಅಪೊಸ್ತಲರ ಕೃತ್ಯಗಳು 8:9-24

ಹಲ್ಲೆಲೂಯಾ! ಕೂತುಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಚಾಪೆ ಮೇಲೆ ಜಾಗ ಇದೆ.

ಸತ್ಯವೇದದಲ್ಲಿ ಎರಡು ಭಾಗ ಓದಿದೆವು. ಎರಡರಲ್ಲೂ ಇರುವವನು ಒಬ್ಬನೇ ಮನುಷ್ಯ, ಪೇತ್ರ. ಲೂಕನ ಸುವಾರ್ತೆಯಲ್ಲಿ ಅವನು ದೋಣಿಯಲ್ಲಿದ್ದಾನೆ, ಅಪೊಸ್ತಲರ ಕೃತ್ಯಗಳಲ್ಲಿ ಸಮಾರ್ಯದಲ್ಲಿದ್ದಾನೆ. ಮೊದಲನೆಯದರಲ್ಲಿ ಮೀನು, ಎರಡನೆಯದರಲ್ಲಿ ಹಣ. ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿ ಅಂತ ಕೆಲವು ವಾರಗಳಿಂದ ಪವಿತ್ರಾತ್ಮನು ನನ್ನ ಮನಸ್ಸಿಗೆ ಹೇಳ್ತಾ ಇದ್ದಾನೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಪೇತ್ರ ಬೆಸ್ತ, ಅದು ಅವನ ಕಸುಬು. ಗಲಿಲಾಯದ ಸಮುದ್ರ ಅಂತೀವಲ್ಲ, ಅದು ಸಿಹಿನೀರಿನ ಸರೋವರ, ಉದ್ದ ಸುಮಾರು 21 ಕಿಲೋಮೀಟರ್. ಅಲ್ಲಿನವರು ರಾತ್ರಿ ಬಲೆ ಬೀಸೋರು. ರಾತ್ರಿಯೆಲ್ಲ ಬೀಸಿ ಏನೂ ಸಿಗದೆ, ಬೆಳಿಗ್ಗೆ ಬಲೆ ತೊಳೀತಾ ಕೂತಿದ್ದಾರೆ. ಆಗ ಮರಗೆಲಸದವನ ಮಗನೊಬ್ಬ ಬಂದು, ಆಳಕ್ಕೆ ಹೋಗಿ ಬಲೆ ಹಾಕು ಅಂತಾನೆ. ಬೇರೆ ಯಾರಾದ್ರೂ ಆಗಿದ್ರೆ ಪೇತ್ರ ನಗ್ತಿದ್ದ. ಆದರೆ ಅವನು ತನ್ನ ಅನುಭವವನ್ನೂ ಮುಚ್ಚಿಡದೆ ಹೇಳಿದ, ಆಮೇಲೆ ಆ ಮಾತಿಗೆ ಒಳಪಟ್ಟು ಬಲೆಯನ್ನೂ ಹಾಕಿದ. ಆಮೆನ್?

ದೋಣಿಯಲ್ಲಿ ಇನ್ನೊಬ್ಬನ ಮಾತಿಗೆ ಒಳಪಡೋದು ಅಂದ್ರೆ ಏನು ಅಂತ ನಾನು ಕಣ್ಣಾರೆ ನೋಡಿದ್ದು ಹೋದ ವರ್ಷ. ಅಮೆರಿಕದ ಫ್ಲೋರಿಡಾದಲ್ಲಿ ನಮ್ಮ ಕನ್ನಡ ಕುಟುಂಬಗಳು ಕೆಲವು ಸೇರಿ ಪ್ರಾರ್ಥನಾ ಕೂಟ ನಡೆಸ್ತಾರೆ, ಅಲ್ಲಿಗೆ ಕರೆದಿದ್ರು. ನಾನು ಉಳಕೊಂಡ ಮನೆಯ ಸಹೋದರರಿಗೆ ಮೀನು ಹಿಡಿಯೋದು ಅಂದ್ರೆ ಪ್ರಾಣ. "ಅಯ್ಯಾ, ಪೇತ್ರನ ಬಗ್ಗೆ ಇಷ್ಟು ಪ್ರಸಂಗ ಮಾಡ್ತೀರಿ, ಒಂದು ದಿನ ಗಾಳ ಹಿಡಿದು ನಿಲ್ಲಿ" ಅಂದ್ರು. ಸರಿ ಅಂದೆ.

ಆ ಊರಿನ ಪಕ್ಕ ಇಂಡಿಯನ್ ರಿವರ್ ಅಂತ ಇದೆ. ಹೆಸರು ನದಿ, ನಿಜವಾಗಿ ನದಿ ಅಲ್ಲ. ಅಟ್ಲಾಂಟಿಕ್ ಸಮುದ್ರಕ್ಕೂ ನೆಲಕ್ಕೂ ನಡುವೆ ಸುಮಾರು 250 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಹಿನ್ನೀರು. ರಾಕೆಟ್ ಹಾರಿಸುವ ಕೆನಡಿ ಕೇಂದ್ರ ಅದರ ಪಕ್ಕದಲ್ಲೇ ಇದೆ. ಅಲ್ಲಿ ಸಮುದ್ರದೊಳಗೆ ದೂರ ಹೋಗದೆ ದಡದ ಹತ್ತಿರದ ತೆಳುನೀರಿನಲ್ಲೇ ಮೀನು ಹಿಡೀತಾರೆ. ಗೊತ್ತಿಲ್ಲದವರು ಗೈಡನ್ನು ಬುಕ್ ಮಾಡ್ತಾರೆ. ಅವನನ್ನು ಕ್ಯಾಪ್ಟನ್ ಅಂತ ಕರೀತಾರೆ. ಹಣ ತಗೊಂಡು ಜನರನ್ನು ದೋಣಿಗೆ ಹತ್ತಿಸಿಕೊಳ್ಳಬೇಕಾದ್ರೆ ಕೋಸ್ಟ್ ಗಾರ್ಡ್‌ನಿಂದ ಲೈಸೆನ್ಸ್ ಬೇಕು. ನಮ್ಮಂಥವರು ಬೇರೆ ಮೀನುಗಾರಿಕೆ ಲೈಸೆನ್ಸ್ ತಗೋಬೇಕಾಗಿಲ್ಲ, ಅವನದ್ದೇ ನಮ್ಮನ್ನೂ ಒಳಗೊಳ್ಳುತ್ತೆ. ನೋಡಿ, ಇನ್ನೊಬ್ಬನ ಹೆಸರಿನಲ್ಲಿ ನಾವು ನೀರಿಗೆ ಇಳೀತೀವಿ! ಇದರ ಮೇಲೇ ಒಂದು ಪ್ರಸಂಗ ಮಾಡಬಹುದು, ಆದರೆ ಇವತ್ತು ಅದಲ್ಲ.

ನಾನು ಗಮನಿಸಿದ್ದು ಬುಕಿಂಗ್ ಮಾಡಿದ ಫೋನ್ ಮಾತುಕತೆ. ಸಹೋದರರು ಸ್ಪೀಕರ್‌ನಲ್ಲಿ ಹಾಕಿದ್ರು. ಆ ಕ್ಯಾಪ್ಟನ್ ಮೊದಲು ಹಣದ ಮಾತು ಎತ್ತಲಿಲ್ಲ. ಎಷ್ಟು ಜನ, ಗಾಳ ಎಸೆದು ಅಭ್ಯಾಸ ಇದೆಯಾ, ಬಿಸಿಲು ತಡೀತೀರಾ, ಹಿಡಿದ ಮೀನನ್ನು ಮನೆಗೆ ಒಯ್ಯುವ ಆಸೆ ಇದೆಯಾ, ಇಷ್ಟು ಕೇಳಿದ. ಕೊನೆಯ ಪ್ರಶ್ನೆ ಯಾಕೆ ಅಂದ್ರೆ, ಅಲ್ಲಿ ರೆಡ್‌ಫಿಶ್ ಅಂತ ತಾಮ್ರದ ಬಣ್ಣದ ಮೀನು ಇದೆ, ಬಾಲದ ಹತ್ತಿರ ಕಪ್ಪು ಬೊಟ್ಟು. 2022ರ ಸೆಪ್ಟೆಂಬರ್‌ನಲ್ಲಿ ಆ ಹಿನ್ನೀರಿನಲ್ಲಿ ಅದನ್ನು ಇಟ್ಟುಕೊಳ್ಳಬಾರದು ಅಂತ ಸರ್ಕಾರ ನಿಯಮ ಮಾಡಿತು. ಹಿಡೀಬಹುದಿತ್ತು, ಬಿಟ್ಟುಬಿಡಬೇಕಿತ್ತು. 2011ರಲ್ಲಿ ಪಾಚಿ ಕವಿದು ನೀರಿನ ತಳದ ಹುಲ್ಲೆಲ್ಲ ಸತ್ತುಹೋಗೋಕೆ ಶುರುವಾಯ್ತಂತೆ. ಆ ಹುಲ್ಲನ್ನೇ ತಿನ್ನುವ ಕಡಲಹಸುಗಳು, ಮ್ಯಾನಟಿ ಅಂತಾರೆ, 2021ರಲ್ಲಿ ಆ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಸತ್ತವು, ಅದರಲ್ಲಿ ಎಷ್ಟೋ ಹಸಿವಿನಿಂದ. ದೇವರು ತೋಟವನ್ನು ಕಾಯಲಿಕ್ಕೂ ಕೊಟ್ಟ ಅಂತ ಆದಿಕಾಂಡ 2ರಲ್ಲಿ ಇದೆ. ನಾವು ಕಾಯೋದನ್ನ ಮರೆತು ಕೀಳೋದನ್ನ ಮಾತ್ರ ಕಲಿತೆವು. ಇರಲಿ.

ಆಮೇಲೆ ಹಣದ ಮಾತು ಬಂತು. ಸ್ವಲ್ಪ ಮುಂಗಡ, ಉಳಿದದ್ದು ದಡದಲ್ಲಿ. ಗಾಳಿ ಜೋರಾದ್ರೆ ಹಿಂದಿನ ಸಂಜೆ ಅವನೇ ಫೋನ್ ಮಾಡಿ ಬೇರೆ ದಿನ ಕೊಡ್ತಾನೆ, ಇಲ್ಲ ಮುಂಗಡ ವಾಪಸ್. ನಾವು ಹೇಳದೆ ತಪ್ಪಿಸಿಕೊಂಡ್ರೆ ಮುಂಗಡ ಹೋಯ್ತು. ನಮ್ಮ ಸಹೋದರರು ನಗ್ತಾ, ಹಾಗಾದ್ರೆ ಮೀನು ಗ್ಯಾರಂಟಿನಾ ಅಂತ ಕೇಳಿದ್ರು. ಅವನು ಹೇಳಿದ ಮಾತನ್ನು ನಾನು ನನ್ನ ಸತ್ಯವೇದದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದೇನೆ: "ನೀವು ಹಣ ಕೊಡೋದು ನನ್ನ ದೋಣಿಗೆ, ನನ್ನ ಸಮಯಕ್ಕೆ, ಈ ನೀರಿನ ಬಗ್ಗೆ ನನಗೆ ಗೊತ್ತಿರೋದಕ್ಕೆ. ಮೀನು ನನ್ನದಲ್ಲ. ನನ್ನದಲ್ಲದ್ದನ್ನ ನಾನು ಹೇಗೆ ಮಾರಲಿ?"

ನನ್ನದಲ್ಲದ್ದನ್ನ ನಾನು ಹೇಗೆ ಮಾರಲಿ! ದೇವಜನರೇ, ಒಬ್ಬ ದೋಣಿಯವನಿಗೆ ಇಷ್ಟು ಪ್ರಾಮಾಣಿಕತೆ ಇದೆ.

ಹೊರಟ ದಿನ ಬೆಳಕು ಹರಿಯೋ ಮುಂಚೆ ದಡದಲ್ಲಿದ್ದೆವು. ಯಾವ ಹೊತ್ತಿಗೆ ಬರಬೇಕು ಅಂತ ಅವನು ಹೇಳಿದ್ದೇ ಹೊತ್ತು, ನಮ್ಮ ಅನುಕೂಲ ಕೇಳಲಿಲ್ಲ. ನಮ್ಮ ಕರಾವಳಿಯ ಬೆಸ್ತರು ಉಬ್ಬರ ಇಳಿತ ನೋಡ್ತಾರೆ, ಅಮಾವಾಸ್ಯೆ ಹುಣ್ಣಿಮೆ ಲೆಕ್ಕ ಹಾಕ್ತಾರೆ. ಆ ಹಿನ್ನೀರಿನಲ್ಲಿ ಸಮುದ್ರದ ಬಾಯಿಂದ ದೂರ ಹೋದ್ರೆ ಉಬ್ಬರ ಇಳಿತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೀರನ್ನು ಅತ್ತಿಂದಿತ್ತ ತಳ್ಳೋದು ಗಾಳಿ. ಅದಕ್ಕೇ ಆ ಕ್ಯಾಪ್ಟನ್ ಮೊದಲು ಮುಖ ಎತ್ತಿ ಗಾಳಿ ನೋಡಿದ. ಯೋಹಾನ 3ರಲ್ಲಿ ನಿಕೊದೇಮನಿಗೆ ಕರ್ತನು ಗಾಳಿಯ ಬಗ್ಗೆ ಹೇಳಿದ್ದು ನೆನಪಾಯ್ತು ನನಗೆ. ಗಾಳಿಯನ್ನ ಬುಕ್ ಮಾಡೋಕಾಗಲ್ಲ ಪ್ರಿಯರೇ! ಗಾಳಿಗೆ ತಕ್ಕ ಹಾಗೆ ಹೊರಡಬೇಕು.

ಮೊಣಕಾಲುದ್ದ ನೀರು. ಇಂಜಿನ್ ನಿಲ್ಲಿಸಿಬಿಟ್ಟ. ದೋಣಿಯ ಹಿಂಭಾಗದಲ್ಲಿ ಒಂದು ಎತ್ತರದ ಅಟ್ಟಣೆ ಇರುತ್ತೆ, ಅದರ ಮೇಲೆ ನಿಂತು ಉದ್ದನೆಯ ಕೋಲಿನಿಂದ ತಳ ಒತ್ತಿ ಸದ್ದಿಲ್ಲದೆ ದೋಣಿ ನಡೆಸ್ತಾನೆ. ಗಾಳ ಹಿಡಿದವರು ಮುಂದೆ ನಿಲ್ಲಬೇಕು. ಮುಂದೆ ನಿಂತವರಿಗೆ ನೀರಿನ ಹೊಳಪು ಮಾತ್ರ ಕಾಣುತ್ತೆ, ಎತ್ತರದಲ್ಲಿ ನಿಂತವನಿಗೆ ನೀರಿನೊಳಗೆ ಕಾಣುತ್ತೆ. ಅವನು ಗಡಿಯಾರದ ಲೆಕ್ಕದಲ್ಲಿ ಹೇಳ್ತಾನೆ. ದೋಣಿಯ ಮೂತಿ 12 ಗಂಟೆ. "10 ಗಂಟೆ, 40 ಅಡಿ" ಅಂದ್ರೆ ಸ್ವಲ್ಪ ಎಡಕ್ಕೆ, 40 ಅಡಿ ದೂರಕ್ಕೆ ಎಸೀಬೇಕು. ನಮ್ಮ ಸಹೋದರರಿಗೆ ಅಲ್ಲಿ ಏನೂ ಕಾಣ್ತಿರಲಿಲ್ಲ, ಆದರೂ ಎಸೆದ್ರು. ಒಂದು ಕಡೆ ಮಾತ್ರ ನನಗೂ ಕಂಡಿತು: ಮೀನು ತಲೆ ಕೆಳಗೆ ಮಾಡಿ ತಳ ಕೆದಕುವಾಗ ಬಾಲದ ತುದಿ ನೀರಿನಿಂದ ಮೇಲೆ ಬಂದು ಬಿಸಿಲಿಗೆ ಮಿಂಚಿತು. ಎಸೆದ್ರು. ಅದು ತಿರುಗಿ ನೋಡಿ ಹೋಗೇಬಿಡ್ತು.

ನಾಲ್ಕು ಗಂಟೆ ಹೊತ್ತು. ಎಷ್ಟು ಸಿಕ್ಕಿತು ಅಂತ ಕೇಳಿ. ಒಂದೂ ಇಲ್ಲ!

ನಗ್ತೀರಿ. ಆದರೆ ಕೇಳಿ. ದಡಕ್ಕೆ ಬಂದು ಆ ಕ್ಯಾಪ್ಟನ್ ಉಳಿದ ಹಣ ಪೂರ್ತಿ ತಗೊಂಡ, ನಾಚಿಕೆ ಪಡಲಿಲ್ಲ. ನಮ್ಮ ಸಹೋದರರು ಮೇಲೆ ಸ್ವಲ್ಪ ಇನಾಮನ್ನೂ ಕೊಟ್ಟು, ಅಲ್ಲೇ ನಿಂತು ಮತ್ತೊಂದು ದಿನಕ್ಕೆ ಬುಕ್ ಮಾಡಿದ್ರು. ಯಾಕೆ? ಯಾರೂ ಮೋಸ ಹೋಗಿರಲಿಲ್ಲ. ನಿಮಗೆ ಎಸೆಯೋಕೆ ಬರಲ್ಲ, ಅದಕ್ಕೇ ಸಿಗಲಿಲ್ಲ ಅಂತ ಅವನು ಒಂದು ಮಾತೂ ಆಡಲಿಲ್ಲ. ಮೀನು ಅಲ್ಲಿತ್ತು, ಇವತ್ತು ಬಾಯಿ ಹಾಕಲಿಲ್ಲ ಅಂದ, ಅಷ್ಟೇ.

ಈಗ ಸಮಾರ್ಯಕ್ಕೆ ಬನ್ನಿ. ಸೀಮೋನ ಅನ್ನುವ ಮಂತ್ರಗಾರ. ಅಪೊಸ್ತಲರು ಕೈಯಿಟ್ಟಾಗ ಪವಿತ್ರಾತ್ಮನು ಇಳಿದು ಬರೋದನ್ನ ನೋಡಿದ. ಹಣ ತಂದ. ಅವನ ದೃಷ್ಟಿಯಲ್ಲಿ ಅದು ವ್ಯಾಪಾರ: ಇಷ್ಟು ಕೊಟ್ರೆ ಇಷ್ಟು ಸಿಗಬೇಕು. ಪೇತ್ರ ಅವನನ್ನು ಎಷ್ಟು ಕಠಿಣವಾಗಿ ಗದರಿಸಿದ ಅಂತ 20ನೇ ವಚನ ಮತ್ತೊಮ್ಮೆ ಓದಿ. ಪೇತ್ರನಿಗೆ ವ್ಯಾಪಾರ ಗೊತ್ತಿಲ್ಲದೆ ಹಾಗೆ ಹೇಳಿದ್ದಲ್ಲ. ಮೀನು ಮಾರಿ ಬದುಕಿದವನು, ಯಾವುದನ್ನ ಮಾರಬಹುದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಲಿಲಾಯದಲ್ಲಿ ತಾನು ಹಿಡಿದ ಮೀನು ಮಾರಿದ. ಸಮಾರ್ಯದಲ್ಲಿ ಕರ್ತನ ವರವನ್ನು ಮಾರಲಿಲ್ಲ.

ಯಾಕೆ ಇದನ್ನ ಇವತ್ತು ಹೇಳ್ತಿದ್ದೇನೆ ಅಂದ್ರೆ, ನಮ್ಮ ಸಭೆಯ ಒಬ್ಬ ತಂಗಿಗೋಸ್ಕರ. ಅವಳ ಒಪ್ಪಿಗೆ ತಗೊಂಡೇ ಹೇಳ್ತೀನಿ, ಹೆಸರು ಹೇಳಲ್ಲ. ಅವಳ ಗಂಡನಿಗೆ ಎರಡು ಕಿಡ್ನಿಯೂ ಹೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗ್ತಿತ್ತು. ಯಾರೋ ಒಂದು ಕೂಟಕ್ಕೆ ಕರ್ಕೊಂಡು ಹೋದ್ರು. ಅಲ್ಲಿ ವೇದಿಕೆಯಿಂದ, 21 ದಿನದಲ್ಲಿ ಬಿಡುಗಡೆ, ಆದರೆ ನಿನಗೆ ನೋವಾಗುವಂಥ ಬೀಜ ಬಿತ್ತಬೇಕು ಅಂದ್ರಂತೆ. ಅವಳ ಹತ್ತಿರ ಇದ್ದದ್ದು ತಾಯಿ ಕೊಟ್ಟ ಎರಡು ಬಳೆ. ಬಿಚ್ಚಿ ಕವರಿನಲ್ಲಿ ಹಾಕಿದಳು. 21 ದಿನ ಕಳೀತು, 40 ದಿನವೂ ಕಳೀತು. ಗಂಡ ತೀರಿಕೊಂಡ. ಆ ಕೂಟದವರಿಗೆ ಫೋನ್ ಮಾಡಿದ್ರೆ ಬಂದ ಉತ್ತರ: ಅಮ್ಮಾ, ನಿಮ್ಮ ನಂಬಿಕೆ ಸಾಲಲಿಲ್ಲ.

ಎರಡು ವರ್ಷ ಆಯ್ತು. ಈ ಮಧ್ಯೆ ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಅವಳು ಬಂದು ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ. "ಅಯ್ಯಾ, ನನ್ನ ನಂಬಿಕೆ ಕಮ್ಮಿ ಆಗಿ ಅವರು ಹೋದ್ರಾ?"

ತಂಗಿ, ಇಲ್ಲೇ ಕೂತಿದ್ದೀಯ, ಕೇಳಮ್ಮ. ಇಲ್ಲ. ಬಲೆ ಖಾಲಿ ಬಂದ ರಾತ್ರಿ ಪೇತ್ರನಿಗೆ ಕರ್ತನು ಬಯ್ಯಲಿಲ್ಲ, ನಿನ್ನ ತಪ್ಪು ಅನ್ನಲಿಲ್ಲ. ಅವನ ಖಾಲಿ ದೋಣಿಗೇ ಹತ್ತಿ ಕೂತ. ನಿನ್ನ ಬಳೆಯನ್ನ ಕರ್ತನು ಕೇಳಿರಲಿಲ್ಲ. ತನ್ನದಲ್ಲದ್ದನ್ನ ಮಾರಿದವನು ಅದಕ್ಕೆ ಲೆಕ್ಕ ಕೊಡಬೇಕು, ಕೊಂಡ ವಿಧವೆ ಅಲ್ಲ.

ಕೆಲವರು ಮನಸ್ಸಿನಲ್ಲಿ ಅಂದುಕೊಳ್ತಿದ್ದೀರಿ, ಪಾಸ್ಟರ್‌ಗೆ ಏನಾಯ್ತು, ಸ್ವಸ್ಥತೆಯಲ್ಲಿ ನಂಬಿಕೆ ಹೋಯ್ತಾ ಅಂತ. ಹೋಗಿಲ್ಲ! ಈ ಕೈಗಳನ್ನ ಇಟ್ಟು ಪ್ರಾರ್ಥಿಸಿದಾಗ ಜ್ವರ ಬಿಟ್ಟಿದ್ದನ್ನ ನೋಡಿದ್ದೇನೆ, ಡಾಕ್ಟರು ಆಶೆ ಬಿಟ್ಟವರು ಎದ್ದು ಈ ಸಭೆಯಲ್ಲಿ ಸಾಕ್ಷಿ ಹೇಳಿದ್ದನ್ನ ನೀವೂ ಕೇಳಿದ್ದೀರಿ. ಕೈಯಿಟ್ಟು ಪ್ರಾರ್ಥಿಸಿಯೂ ಸಮಾಧಿಗೆ ಮಣ್ಣು ಹಾಕಿ ಬಂದಿದ್ದೇನೆ. ಎರಡೂ ನಿಜ. ಆ ಗೈಡ್ ಮೀನು ಸಿಗಲ್ಲ ಅಂದುಕೊಂಡು ದೋಣಿ ಇಳಿಸೋನಲ್ಲ, ಕೊನೆಯ ನಿಮಿಷದವರೆಗೂ ನೀರಿನಿಂದ ಕಣ್ಣು ತೆಗೆಯಲಿಲ್ಲ. ನಾನೂ ಸಿಗುತ್ತೆ ಅಂತ ನಂಬಿಯೇ ಪ್ರಾರ್ಥಿಸ್ತೀನಿ. ಗ್ಯಾರಂಟಿ ಚೀಟಿ ಬರೆದುಕೊಡೋ ಅಧಿಕಾರ ಮಾತ್ರ ನನಗಿಲ್ಲ.

ಹಾಗಾದ್ರೆ ಕಾಣಿಕೆ, ದಶಮಾಂಶ ಯಾಕೆ? ಒಳ್ಳೆ ಪ್ರಶ್ನೆ. ಅದು ದೋಣಿಯ ಬಾಡಿಗೆ. ಈ ಹಾಲಿನ ಬಾಡಿಗೆ, ಕರೆಂಟ್ ಬಿಲ್, ಸೌಂಡ್ ಸಿಸ್ಟಮ್, ನಮ್ಮ ಮನೆಯ ಅಕ್ಕಿ, ಆಸ್ಪತ್ರೆಗೆ ಸೇರಿದವರಿಗೆ ಕಳಿಸುವ ಊಟ. ಕೆಲಸದವನು ಕೂಲಿಗೆ ಯೋಗ್ಯನು ಅನ್ನೋ ಅರ್ಥದ ಮಾತು ಲೂಕ 10ರಲ್ಲಿ ಇದೆ, ನಾನು ಅದನ್ನ ಸಂಕೋಚ ಇಲ್ಲದೆ ತಗೋತೀನಿ. ಲೆಕ್ಕ ಪ್ರತಿ ತಿಂಗಳು ಬಾಗಿಲ ಹತ್ತಿರ ಅಂಟಿಸ್ತೀವಿ, ಓದಿ. ಅದು ಅದ್ಭುತಕ್ಕೆ ಮುಂಗಡ ಅಲ್ಲ.

ಇನ್ನೊಂದು ಮಾತು. ಲೂಕ 5ನ್ನು ಎಷ್ಟೋ ಜನ 7ನೇ ವಚನಕ್ಕೇ ನಿಲ್ಲಿಸಿಬಿಡ್ತಾರೆ, ಎರಡು ದೋಣಿ ತುಂಬಿ ಮುಳುಗುವ ಹಾಗಾಯ್ತು, ಹಲ್ಲೆಲೂಯಾ, ಮುಗೀತು. 11ನೇ ವಚನಕ್ಕೆ ಹೋಗಿ. ಆ ದೋಣಿಗಳನ್ನ ದಡಕ್ಕೆ ಎಳೆದು, ಎಲ್ಲಾ ಬಿಟ್ಟು ಹೋದರು. ಅಷ್ಟು ಮೀನನ್ನ ದಡದಲ್ಲೇ ಬಿಟ್ಟು! ಮೀನಿಗಾಗಿ ಬಂದವನಾಗಿದ್ರೆ ಪೇತ್ರ ಅವತ್ತು ಸಂತೆಗೆ ಹೋಗ್ತಿದ್ದ.

ಎದ್ದು ನಿಲ್ಲೋಣ. ಕೀಬೋರ್ಡ್ ತಮ್ಮ, ಸ್ವಲ್ಪ ಮೆಲ್ಲಗೆ ನುಡಿಸು.

ಕಾಣಿಕೆ ಪೆಟ್ಟಿಗೆಯನ್ನ ಇವತ್ತಿನಿಂದ ಹೊರಬಾಗಿಲ ಹತ್ತಿರ ಇಟ್ಟಿದ್ದೇವೆ, ವೇದಿಕೆಯ ಮುಂದೆ ಇರಲ್ಲ. ಪ್ರಾರ್ಥನೆಗೆ ಬರುವವರು ಕವರು ತರಬೇಡಿ, ಬರಿಗೈಲಿ ಬನ್ನಿ. ಮಾತ್ರೆ ತಗೊಳ್ಳೋರು ಮಾತ್ರೆ ಬಿಡಬೇಡಿ, ಡಯಾಲಿಸಿಸ್‌ಗೆ ಹೋಗೋರು ನಾಳೆಯೂ ಹೋಗಿ. ಎಲ್ಲಾದ್ರೂ ಹೀಗೆ ಹಣ ಕೊಟ್ಟು, ನಡೀಲಿಲ್ಲ ಅಂತ ಒಳಗೊಳಗೇ ನಿಮ್ಮನ್ನೇ ಬೈದುಕೊಳ್ತಾ ಇರೋರು ಮೊದಲು ಬನ್ನಿ. ಏನಾಯ್ತು ಅಂತ ಯಾರೂ ಕೇಳಲ್ಲ. ಪಾಸ್ಟರಮ್ಮ, ತಾಯಂದಿರ ಕಡೆ ನೀವು ನಿಲ್ಲಿ. ಬನ್ನಿ ತಂಗಿ, ಬನ್ನಿ.