ಪ್ರತಿನಿಧಿ ವಿಚಾರ

ಮೂಲವಸ್ತು ದೊರೆಯದಿದ್ದಾಗ ಅದರ ಸ್ಥಾನದಲ್ಲಿ ಬೇರೊಂದನ್ನಿಟ್ಟು ಕಾರ್ಯವನ್ನು ನಡೆಸಬಹುದೆ? ನಡೆಸಿದರೆ ಅದು ಮೊದಲಿನ ಕಾರ್ಯವೇ ಎನಿಸುವುದೆ? ಜೈಮಿನಿಯ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಈ ವಿಚಾರ ವಿಸ್ತಾರವಾಗಿ ನಡೆದಿದೆ. ವ್ರೀಹಿಯು ದೊರೆಯದಿದ್ದರೆ ನೀವಾರವನ್ನು ಗ್ರಹಿಸಬಹುದು. ಸೋಮಕ್ಕೆ ಬದಲಾಗಿ ಪೂತೀಕವುಂಟು. ಇಂದು ಯಾಗಶಾಲೆಗಳು ವಿರಳವಾಗಿವೆ. ಆದರೆ ಇದೇ ಪ್ರಶ್ನೆಯು ಹಳೆಯ ರೇಡಿಯೊಗಳನ್ನು ಸರಿಪಡಿಸುವವನ ಮೇಜಿನ ಮೇಲೆ ದಿನವೂ ಏಳುತ್ತಿದೆ.

1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದಾಗ ಮನೆಗಳಲ್ಲಿದ್ದ ರೇಡಿಯೊಗಳು ಬಹುಮಟ್ಟಿಗೆ ವಾಲ್ವಿನವು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು; ವಾಲ್ವುಗಳು ಮೆಲ್ಲಮೆಲ್ಲನೆ ಹಿಂದೆ ಸರಿದವು. ಗಿಟಾರ್ ವಾದಕರ ಆಂಪ್ಲಿಫೈಯರುಗಳಿಗಾಗಿ ಕೆಲವು ಬಗೆಗಳು ಇಂದಿಗೂ ತಯಾರಾಗುತ್ತವೆ. ಆದರೆ ಸ್ಟೇಷನ್ನು ಸರಿಯಾಗಿ ಹಿಡಿಯಿತೆಂದು ತೋರಿಸುತ್ತಿದ್ದ ಮ್ಯಾಜಿಕ್ ಐ ಎಂಬ ಹಸುರುಕಣ್ಣಿನ ಹಳೆಯ ಬಗೆಗಳಿಗೆ ಉಳಿದ ದಾಸ್ತಾನೇ ಗತಿ. ಅದರ ಕಾಂತಿಯೂ ಬಳಸಿದಷ್ಟೂ ಕುಂದತಕ್ಕದ್ದು.

ಹೀಗಿರುವಲ್ಲಿ ಪ್ರತಿನಿಧಿಯನ್ನು ಆರಿಸುವುದು ಹೇಗೆ? ಸಾದೃಶ್ಯದಿಂದ ಎಂಬುದು ಮೀಮಾಂಸಕರ ಉತ್ತರ. ಆದರೆ ಎಂಥ ಸಾದೃಶ್ಯ? 80 ಎಂಬ ರೆಕ್ಟಿಫೈಯರ್ ವಾಲ್ವಿಗೂ 5ವೈ3 ಎಂಬುದಕ್ಕೂ ವಿದ್ಯುದ್ಗುಣದಲ್ಲಿ ಭೇದವಿಲ್ಲ. ಕೂರುವ ಸಾಕೆಟ್ಟು ಮಾತ್ರ ಬೇರೆ. ಸಿಲಿಕಾನ್ ಡಯೋಡಾದರೋ ಅದೇ ಕೆಲಸವನ್ನು ಮಾಡುವಂತೆ ತೋರಿದರೂ, ಉಳಿದ ವಾಲ್ವುಗಳು ಕಾಯುವ ಮುನ್ನವೇ ಒಮ್ಮೆಗೇ ಹೆಚ್ಚು ವೋಲ್ಟೇಜನ್ನು ಹರಿಸುತ್ತದೆ. ಹಳೆಯ ಕಂಡೆನ್ಸರುಗಳು ಅದನ್ನು ತಾಳದೆ ಕೆಡಬಹುದು. ಆದುದರಿಂದ ಸಾದೃಶ್ಯವನ್ನು ನಡತೆಯಲ್ಲಿ ನೋಡಬೇಕು. ಹೆಸರಿಗೆ ಬದಲಾಗಿ, ಹೋಲಿಕೆಯುಂಟೆಂದು, ಯಾಗಕ್ಕೆ ನಿಷಿದ್ಧವಾದ ಉದ್ದನ್ನು ತೆಗೆದುಕೊಳ್ಳಬಾರದೆಂದು ಶಾಸ್ತ್ರಕಾರರು ಹೇಳಿದುದು ಇಲ್ಲಿಗೂ ಸಲ್ಲುತ್ತದೆ.

ಮೂಲಭಾಗಗಳನ್ನು ಮುಟ್ಟಲೇಬಾರದೆನ್ನುವವರೂ ಉಂಟು. ಅವರ ಭಕ್ತಿ ಗೌರವಾರ್ಹವೇ. ಆದರೆ ಮೇಣ ಸವರಿದ ಹಳೆಯ ಕಾಗದದ ಕಂಡೆನ್ಸರು ಸೋರತೊಡಗಿದರೆ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಸಲ್ಲದ ವೋಲ್ಟೇಜು ಸೇರಿ, ವಾಲ್ವು ಮಿತಿಮೀರಿ ಕಾದು, ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ಸುಲಭವಾಗಿ ಸಿಕ್ಕುವುದನ್ನು ಉಳಿಸಹೋಗಿ ಸಿಕ್ಕದುದನ್ನು ಕಳೆಯುವುದು ಭಕ್ತಿಯಲ್ಲ, ಅವಿವೇಕ.

ಇನ್ನು ಕೆಲವರು ಹಳೆಯ ಕಂಡೆನ್ಸರಿನ ಒಡಲನ್ನು ತೋಡಿ, ಹೊಸದನ್ನು ಒಳಗಿಟ್ಟು, ಮೇಲೆ ಮೇಣವನ್ನು ಹುಯ್ಯುತ್ತಾರೆ. ಇದು ವಂಚನೆಯೆ? ಕಣ್ಣಿಗೆ ಹಿತವಾಗಲೆಂದು ಮಾಡಿದರೆ ಅಲಂಕಾರ. ಎಲ್ಲವೂ ಮೊದಲಿನದೇ ಎಂದು ಹೇಳಿ ಮಾರಿದರೆ ಅನೃತ. ದೋಷವು ಮೇಣದಲ್ಲಿಲ್ಲ, ಮಾತಿನಲ್ಲಿದೆ. ಬದಲಿಸಿದುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಅಂಟಿಸಿದವನಿಗೆ ಆ ದೋಷವಿಲ್ಲ.

ಪ್ರತಿನಿಧಿಗೆ ಎಲ್ಲೆಯೂ ಉಂಟು. ದೇವತೆಗೂ ಮಂತ್ರಕ್ಕೂ ಕ್ರಿಯೆಗೂ ಪ್ರತಿನಿಧಿಯಿಲ್ಲವೆಂದು ಮೀಮಾಂಸಕರು ನಿರ್ಣಯಿಸಿದ್ದಾರೆ. ವಾಲ್ವುಗಳನ್ನೆಲ್ಲ ಕಿತ್ತೆಸೆದು, ಆ ಮರದ ಪೆಟ್ಟಿಗೆಯಲ್ಲಿ ಇಂದಿನ ಬ್ಲೂಟೂತ್ ಯಂತ್ರವನ್ನಿಟ್ಟರೆ ಹಾಡು ಕೇಳಬಹುದು. ಆದರೆ ಅಲೆಯನ್ನು ಹಿಡಿದು ಧ್ವನಿಯಾಗಿಸುತ್ತಿದ್ದ ಆ ಕ್ರಿಯೆಯೇ ಅಲ್ಲಿ ಇಲ್ಲ. ಉಳಿದುದು ಪೆಟ್ಟಿಗೆ ಮಾತ್ರ.

ಪ್ರತಿನಿಧಿಯನ್ನು ಅರಸಹೊರಟವನಿಗೆ ನಡುವೆ ಮುಖ್ಯದ್ರವ್ಯವೇ ದೊರೆತರೆ ಅದನ್ನೇ ಗ್ರಹಿಸಬೇಕೆಂಬುದು ಮತ್ತೊಂದು ನಿರ್ಣಯ. ಇದರಿಂದ ರಿಪೇರಿಯವನಿಗೆ ಒಂದು ಕರ್ತವ್ಯ ಒದಗುತ್ತದೆ. 5ವೈ3ಗಾಗಿ ಹಳೆಯ ಸಾಕೆಟ್ಟನ್ನು ಕಿತ್ತುಹಾಕದೆ ನಡುವೆ ಒಂದು ಅಡಾಪ್ಟರನ್ನಿಡಬೇಕು. ತೆಗೆದ ಭಾಗಗಳನ್ನು ಕಟ್ಟಿ ಕಾದಿಡಬೇಕು. ಎಂದಾದರೊಂದು ದಿನ ಯಾವುದೋ ಅಂಗಡಿಯ ಅಟ್ಟದಿಂದ 80 ದೊರೆತರೆ, ಅದಕ್ಕೆ ಅದರ ಪೀಠವು ಸಿದ್ಧವಾಗಿರಬೇಕು. ಪರರ ಸ್ಥಾನದಲ್ಲಿ ನಿಂತು ಕಾರ್ಯವನ್ನು ನಡೆಸುವ ಮನುಷ್ಯರೂ ಇದನ್ನು ನೆನೆಯುವುದು ಒಳ್ಳೆಯದು.