ಬಪ್ಪ ಕೊಟ್ಟ ತೋಟ

ಹೆಳವರು ಜಗಲಿಯ ಮೇಲೆ ಕೂತು ಅಜ್ಜ ಮುತ್ತಜ್ಜರ ಹೆಸರು ಹೇಳುವಾಗ ನಮ್ಮ ಕಡೆಯ ಸಾಮಾನ್ಯ ಮನುಷ್ಯನ ಎದೆಯೂ ಉಬ್ಬುತ್ತದೆ. ಹಿರಿಯರ ಹೆಸರಿಗೆ ವಾರಸುದಾರನಾದವನು ಅವರ ಮಾತಿಗೂ ವಾರಸುದಾರನಲ್ಲವೆ?

ಹಿರೇಹಡಗಲಿಯಲ್ಲಿ ಸಿಕ್ಕ 4ನೆಯ ಶತಮಾನದ ಪ್ರಾಕೃತ ತಾಮ್ರಶಾಸನದಲ್ಲಿ ಪಲ್ಲವ ಅರಸು ಶಿವಸ್ಕಂದವರ್ಮ, ಪಟ್ಟಕ್ಕೆ ಬಂದ 8ನೆಯ ವರ್ಷದಲ್ಲಿ, ‘ಬಪ್ಪ’ ಕೊಟ್ಟಿದ್ದ ತೋಟದ ದಾನವನ್ನು ಸ್ಥಿರಪಡಿಸಿದ್ದಾನೆ. ಬಪ್ಪ ಎಂಬುದು ಹೆಸರೋ, ಬರೀ ‘ಅಪ್ಪ’ ಎಂಬ ಅರ್ಥವೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಹೆಸರು ಅನುಮಾನಕ್ಕೆ ಬಿತ್ತು. ಕೊಟ್ಟ ಮಾತು ಉಳಿಯಿತು.

ನಾವೋ, ಅಪ್ಪ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಹೊಲದ ದಾರಿಗೆ, ಪಹಣಿಯಲ್ಲಿಲ್ಲವೆಂದು ಮುಳ್ಳು ಹಚ್ಚುತ್ತೇವೆ. ಅಂಥವನ ವಂಶಾವಳಿ ಎಷ್ಟೇ ಉದ್ದವಿರಲಿ, ಆ ಮುಳ್ಳಿನ ಹತ್ತಿರ ತುಂಡಾಯಿತು. ಹಿರಿಯರು ಕಸಿದದ್ದಿದ್ದರೆ? ಅದನ್ನು ಮರಳಿಸುವ ಹೊಣೆಯೂ ಅದೇ ವಾರಸಿಕೆಯಲ್ಲಿ ಬಂದದ್ದೇ.