ಬಾಲಕಥೆಯೂ ಚಿತ್ರವೂ ಉಪಾಧ್ಯಾಯನ ಸತ್ಯವೂ

ಮಕ್ಕಳಿಗೆ ಕಥೆ ಹೇಳುವವನು ಎಷ್ಟರ ಮಟ್ಟಿಗೆ ಸತ್ಯಕ್ಕೆ ಕಟ್ಟುಬಿದ್ದವನು? ಈ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾಗಿ ಕಂಡರೂ ಉಪಾಧ್ಯಾಯ ವೃತ್ತಿಯ ಮೂಲಕ್ಕೇ ಸಂಬಂಧಿಸಿದುದು. ಉಪಾಧ್ಯಾಯರಾಗಲು ಬರುವ ತರುಣರಿಗೆ ಬಾಲಸಾಹಿತ್ಯವನ್ನೂ ಚಿತ್ರಕಲೆಯನ್ನೂ ಬೇರೆ ಬೇರೆ ಪಾಠಗಳಾಗಿ ಕಲಿಸಿದರೆ ಈ ಪ್ರಶ್ನೆಯು ಏಳುವುದು ಅಪೂರ್ವ. ಎರಡನ್ನೂ ಒಂದೇ ಕಾರ್ಯದಲ್ಲಿ ಕೂಡಿಸಿ, ಕಥೆಯೊಂದನ್ನು ಬರೆದು ಅದಕ್ಕೆ ಚಿತ್ರವನ್ನೂ ತಾವೇ ರಚಿಸಬೇಕೆಂದು ವಿಧಿಸಿದೊಡನೆ ಅದು ತಾನಾಗಿ ಎದ್ದು ನಿಲ್ಲುತ್ತದೆ.

ಮಾತಿಗೂ ಚಿತ್ರಕ್ಕೂ ಇರುವ ಸಖ್ಯವು ಹೊಸದಲ್ಲ. 1658ರಲ್ಲಿ ಕಮೀನಿಯಸ್ ಎಂಬ ಪಂಡಿತನು ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದ ಬಾಲಪಾಠದಲ್ಲಿ ಚಿತ್ರದೊಳಗಿನ ವಸ್ತುಗಳಿಗೆ ಅಂಕೆಗಳನ್ನಿಟ್ಟು, ಅವೇ ಅಂಕೆಗಳನ್ನು ಅವುಗಳ ಹೆಸರುಗಳಿಗೂ ಕೊಟ್ಟನು. 1930ರಲ್ಲಿ ರವೀಂದ್ರನಾಥ ಠಾಕೂರರ ‘ಸಹಜ ಪಾಠ’ವು ಹೊರಬಂದಾಗ ಅದಕ್ಕೆ ಚಿತ್ರಗಳನ್ನು ರಚಿಸಿದವರು ಶಾಂತಿನಿಕೇತನದ ನಂದಲಾಲ ಬಸುಗಳು. ಅಲ್ಲಿ ಕವಿಯೊಬ್ಬರು, ಚಿತ್ರಕಾರರೊಬ್ಬರು. ಹಳ್ಳಿಯ ಶಾಲೆಯ ಉಪಾಧ್ಯಾಯನಾದರೋ ಇಬ್ಬರ ಕೆಲಸವನ್ನೂ ತಾನೊಬ್ಬನೇ ನಿರ್ವಹಿಸಬೇಕು.

ಮದ್ದೂರಿನ ಶಿವಪುರವನ್ನೇ ಉದಾಹರಣೆಯಾಗಿ ಭಾವಿಸಬಹುದು. 1938ರ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಸೇರಿತು. ಸರ್ಕಾರದ ನಿಷೇಧವಿದ್ದರೂ ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಧ್ವಜವನ್ನೇರಿಸಿ ಬಂಧಿತರಾದರು. ಈ ವೃತ್ತಾಂತವನ್ನು ಮಕ್ಕಳಿಗಾಗಿ ಬರೆಯುವ ತರುಣನು ‘ಧ್ವಜವು ಮೇಲೇರಿತು’ ಎಂದು ಬರೆದು ಸುಖವಾಗಿ ಮುಂದೆ ಸಾಗಬಹುದು. ಆದರೆ ಕುಂಚವನ್ನು ಹಿಡಿದಾಗ ಕೈ ತಡೆಯುತ್ತದೆ. ಬಿಳಿಯ ಪಟ್ಟಿಯ ನಡುವೆ ಏನನ್ನು ಬರೆಯಬೇಕು? ಅಭ್ಯಾಸಬಲದಿಂದ ಅಶೋಕಚಕ್ರವನ್ನು ಬರೆದರೆ ಅದು ತಪ್ಪು. ಆ ಚಕ್ರವು ಧ್ವಜಕ್ಕೆ ಬಂದುದು 1947ರ ಜುಲೈ ತಿಂಗಳಲ್ಲಿ. 1931ರಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ಧ್ವಜದಲ್ಲಿದ್ದುದು ಚರಕ. ಮಾತು ಮುಚ್ಚಿಟ್ಟಿದ್ದ ಅಜ್ಞಾನವನ್ನು ರೇಖೆಯು ಬಯಲಿಗೆಳೆಯುತ್ತದೆ. ಇನ್ನು ಅವನು ಗ್ರಂಥಗಳನ್ನು ನೋಡಬೇಕು, ಶಿವಪುರದ ಸತ್ಯಾಗ್ರಹ ಸೌಧಕ್ಕೆ ಹೋಗಬೇಕು, ಅಂದು ನೆರೆದಿದ್ದವರ ಮನೆತನದವರನ್ನು ವಿಚಾರಿಸಬೇಕು. ಪುಸ್ತಕವು ಮುಗಿಯುವುದಕ್ಕೆ ಮೊದಲೇ ಅವನ ಶಿಕ್ಷಣವು ನಡೆದಿರುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ಪಂಚತಂತ್ರದ ಸಿಂಹವು ಮಾತನಾಡುವುದೂ ಅಸತ್ಯವೇ ಅಲ್ಲವೆ? ಅದನ್ನು ಒಪ್ಪುವವರು ಧ್ವಜದ ಚಕ್ರವೊಂದಕ್ಕೆ ಇಷ್ಟು ತಕರಾರು ಮಾಡುವುದೇಕೆ? ಇದಕ್ಕೆ ಸಮಾಧಾನವು ಕಷ್ಟವಲ್ಲ. ಸಿಂಹವು ಮಾತನಾಡದೆಂಬುದನ್ನು ಹೇಳುವವನೂ ಬಲ್ಲನು, ಕೇಳುವ ಮಗುವೂ ಬಲ್ಲುದು. ಇಬ್ಬರಿಗೂ ಸಮ್ಮತವಾದ ಕಲ್ಪನೆಯಲ್ಲಿ ವಂಚನೆಯಿಲ್ಲ. ನಡೆದ ಸಂಗತಿಯಲ್ಲಾದರೋ ಮಗುವಿಗೆ ಪರೀಕ್ಷಿಸುವ ಸಾಮರ್ಥ್ಯವಿಲ್ಲ. ಗುರುವು ಹೇಳಿದನೆಂದೇ ಅದು ನಂಬುತ್ತದೆ. ಅಷ್ಟರ ಮಟ್ಟಿಗೆ ಗುರುವಿನ ಹೊಣೆಯು ಹೆಚ್ಚುತ್ತದೆ.

ಹಾಗಾದರೆ ತಿಳಿಯದೆಡೆಯಲ್ಲಿ ಮಾಡತಕ್ಕುದೇನು? ಅಂದು ಗುಂಪಿನಲ್ಲಿ ನಿಂತಿದ್ದ ರೈತರೆಲ್ಲರ ಮುಖಗಳನ್ನು ಯಾರು ಬಲ್ಲರು? ಅವರನ್ನು ಬೆನ್ನು ಕಾಣುವಂತೆ ಬರೆಯಬಹುದು; ಇಲ್ಲವೇ ಆ ಭಾಗವನ್ನು ಬರಿದಾಗಿ ಬಿಟ್ಟು, ‘ಇದು ತಿಳಿದಿಲ್ಲ; ನೀವು ಹೇಗೆ ಊಹಿಸುವಿರಿ?’ ಎಂದು ಮಕ್ಕಳ ಕೈಗೇ ಬಣ್ಣದ ಕಡ್ಡಿಯನ್ನು ಕೊಡಬಹುದು. ಊಹೆಯನ್ನು ಊಹೆಯೆಂದೇ ಅರಿತು ಬರೆದ ಮಗುವಿನ ಕಲ್ಪನೆಗೂ ಕುಂದಿಲ್ಲ, ಸತ್ಯಕ್ಕೂ ಚ್ಯುತಿಯಿಲ್ಲ.

ಆದುದರಿಂದ ಇಂತಹ ಕಾರ್ಯವನ್ನು ಪರೀಕ್ಷಿಸುವವರು ಚಿತ್ರದ ಅಂದವೊಂದನ್ನೇ ನೋಡಬಾರದು. ಮನುಷ್ಯನ ಕೈ ಸೊಟ್ಟಗಾಗಿದ್ದರೂ, ಮರವು ಮನೆಗಿಂತ ಕಿರಿದಾಗಿದ್ದರೂ ಕ್ಷಮಿಸಬಹುದು. ಆ ಪುಟವನ್ನು ಬರೆಯುವ ಮುನ್ನ ತರುಣನು ಯಾರನ್ನು ಕೇಳಿದನು, ಏನನ್ನು ನೋಡಿದನು, ಯಾವುದನ್ನು ಬರೆಯದೆ ಬಿಟ್ಟನು ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತ.